ಬಲಗೈಗೆ ಸೂಜಿ ಬೇಡ

ಕೆಜಿಎಫ್‌ನಲ್ಲಿ ಸೂಜಿಗೆ ಮೂರು ಹೆಸರು. ನಮ್ಮ ಮನೆಯಲ್ಲಿ ಸೂಜಿ, ಪಕ್ಕದ ಮನೆಯಲ್ಲಿ ಊಸಿ, ವಿ.ಕೋಟೆ ಕಡೆಯಿಂದ ಬಂಗಾರಪೇಟೆಗೆ ಬರುವವರ ಬಾಯಲ್ಲಿ ಸೂದಿ. ಮೂರಕ್ಕೂ ಮಕ್ಕಳು ಅಳುವುದು ಮಾತ್ರ ಒಂದೇ ರಾಗದಲ್ಲಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿದ ಮೇಲೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಜನ ಬಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಭಾಷೆಗಳು ಎಲ್ಲಿಗೂ ಹೋಗಲಿಲ್ಲ. ಇಲ್ಲಿನ ಸಿಸ್ಟರ್‌ಗಳು, ಆಯಾಗಳು ಮಗುವಿನ ಮುಖ ನೋಡಿಯೇ ಮಾತು ಬದಲಿಸುತ್ತಾರೆ. ‘ಬಾಯಿ ತೆಗಿ’ ಅಂದಾಗ ತೆಗೆಯದವನು ‘ವಾಯ ತೊರ’ ಅಂದರೆ ತೆಗೆಯುತ್ತಾನೆ. ಅದೂ ಆಗಲಿಲ್ಲವೇ, ‘ನೋರು ತೆರು’. ಇದನ್ನು ಯಾವ ಕಾಲೇಜೂ ಅವರಿಗೆ ಹೇಳಿಕೊಟ್ಟಿದ್ದಲ್ಲ.

ನನ್ನ ಅಕ್ಕನ ಮಗನಿಗೆ ಈ ಮೂರೂ ಅರ್ಥವಾಗುತ್ತವೆ, ಒಂದನ್ನೂ ಆಡಲಾರ. ಸೆರೆಬ್ರಲ್ ಪಾಲ್ಸಿ. ಹತ್ತು ವರ್ಷ. ಹೌದು ಅನ್ನಬೇಕಾದರೆ ಕಣ್ಣು ಮೇಲೆತ್ತುತ್ತಾನೆ. ಉಳಿದಿದ್ದನ್ನೆಲ್ಲ ಬಲಗೈಯ ತೋರುಬೆರಳಿನಿಂದ ಒಂದು ಚಿತ್ರದ ಹಲಗೆಯ ಮೇಲೆ ತೋರಿಸುತ್ತಾನೆ: ನೀರು, ನೋವು, ಅಮ್ಮ, ಬಚ್ಚಲು, ಕ್ರಿಕೆಟ್. ಎಡಗೈ ಸದಾ ಬಿಗಿದ ಮುಷ್ಟಿ.

ಹೋದ ಮಳೆಗಾಲದಲ್ಲಿ ಕಫ ಕಟ್ಟಿ ಜ್ವರ ಏರಿದಾಗ ರಾತ್ರಿ ಆಟೋದಲ್ಲಿ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಸಿಸ್ಟರ್ ಒಳ್ಳೆಯವರೇ. ‘ಹೆಸರೇನಪ್ಪ?’ ಅಂದರು. ಉತ್ತರವಿಲ್ಲ. ‘ಉನ್ ಪೇರ್ ಎನ್ನ?’ ಇಲ್ಲ. ‘ನೀ ಪೇರೇಂಟಿ?’ ಅದಕ್ಕೂ ಇಲ್ಲ. ಆಮೇಲೆ ಅದನ್ನೇ ಇನ್ನೊಂದು ಸುತ್ತು, ಜೋರಾಗಿ. ಗಡಿನಾಡಿನ ಉಪಚಾರವೆಲ್ಲ ಮುಗಿಯಿತು ಅನ್ನುವಂತೆ ಅಕ್ಕನ ಕಡೆ ತಿರುಗಿ, ‘ಇವನಿಗೆ ಏನೂ ಗೊತ್ತಾಗಲ್ವಾ ಅಮ್ಮಾ?’ ಎಂದರು. ಅವನು ಕೇಳಿಸಿಕೊಳ್ಳುತ್ತಲೇ ಇದ್ದ.

‘ಎಲ್ಲಾ ಗೊತ್ತಾಗುತ್ತೆ ಸಿಸ್ಟರ್, ಸ್ವಲ್ಪ ಹೊತ್ತು ಬಿಡಬೇಕು’ ಅಂದಳು ಅಕ್ಕ. ಆ ಹೊತ್ತಿಗಾಗಲೇ ಅವರು ಬಲಗೈ ಹಿಡಿದಿದ್ದರು. ಎಡಗೈ ಬಿಚ್ಚಿಕೊಳ್ಳುತ್ತಿರಲಿಲ್ಲ, ನರ ಚೆನ್ನಾಗಿ ಕಾಣುತ್ತಿದ್ದದ್ದು ಬಲಗೈಯಲ್ಲೇ. ಕ್ಯಾನುಲಾ ಹಾಕಿ, ಅಲುಗಾಡದಂತೆ ರಟ್ಟು ಇಟ್ಟು ಬೆರಳುಗಳವರೆಗೂ ಪ್ಲಾಸ್ಟರ್ ಸುತ್ತಿದರು. ಅವರ ಕೆಲಸದ ಲೆಕ್ಕದಲ್ಲಿ ತಪ್ಪೇನಿಲ್ಲ. ನಮ್ಮ ಹುಡುಗ ಮಾತ್ರ ಮೂರು ದಿನ ನಿಜವಾಗಿಯೂ ಮೂಕನಾದ. ಕಣ್ಣಿನಲ್ಲಿ ಹೌದು ಅನ್ನಬಹುದು, ಆದರೆ ಯಾವುದಕ್ಕೆ ಅಂತ ಇನ್ನೊಬ್ಬರು ಕೇಳಬೇಕಲ್ಲ. ಎರಡನೆಯ ರಾತ್ರಿಯೆಲ್ಲ ಅತ್ತ. ಜ್ವರದ ಅಳು ಅಂದುಕೊಂಡೆವು. ಬೆಳಗ್ಗೆ ನೋಡಿದರೆ ಕ್ಯಾನುಲಾ ಜಾಗ ಊದಿಕೊಂಡಿತ್ತು.

ಮಾತಾಡದ ಮಗುವಿನ ನೋವನ್ನು ಅಳೆಯಲು ಆಸ್ಪತ್ರೆಗಳಲ್ಲಿ ಒಂದು ಪಟ್ಟಿ ಬಳಕೆಯಲ್ಲಿದೆ, ಫ್ಲ್ಯಾಕ್ ಅನ್ನುತ್ತಾರೆ. ಮುಖ, ಕಾಲು, ಚಲನೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುವುದು. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ಕಾಲು ಬಿಗಿದುಕೊಂಡಿದ್ದರೆ ಅಂಕ ಏರುತ್ತದೆ. ಆದರೆ ಇವನ ಕಾಲು ಹಬ್ಬದ ದಿನವೂ ಬಿಗಿದೇ ಇರುತ್ತದೆ! ಅದಕ್ಕೇ ಆ ಪಟ್ಟಿಯನ್ನು ಆಮೇಲೆ ತಿದ್ದಿ, ‘ನಿಮ್ಮ ಮಗು ನೋವಾದಾಗ ಏನು ಮಾಡುತ್ತದೆ’ ಎಂದು ತಂದೆತಾಯಿಯನ್ನು ಕೇಳಿ ಬರೆದುಕೊಳ್ಳಲು ಜಾಗ ಬಿಟ್ಟರು. ಇವನು ನೋವಾದರೆ ಕೆಳತುಟಿ ಕಚ್ಚುತ್ತಾನೆ. ಕೇಳಿದ್ದರೆ ಅಕ್ಕ ಅರೆಕ್ಷಣದಲ್ಲಿ ಹೇಳುತ್ತಿದ್ದಳು.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 47ನೇ ಕಲಂ ವೈದ್ಯರು, ನರ್ಸ್‌ಗಳಿಂದ ಹಿಡಿದು ಆಶಾ, ಅಂಗನವಾಡಿ ಕಾರ್ಯಕರ್ತೆಯರ ತನಕ ಎಲ್ಲರ ಓದಿನಲ್ಲೂ ಅಂಗವೈಕಲ್ಯದ ಪಾಠ ಇರಬೇಕು ಅನ್ನುತ್ತದೆ. ಪಾಠ ಬರಲಿ. ಆದರೆ ಅವತ್ತು ವಾರ್ಡಿನಲ್ಲಿ ನಮ್ಮನ್ನು ಕಾಪಾಡಿದ್ದು ಪಾಠವಲ್ಲ, ಚಾಂಪಿಯನ್ ರೀಫ್ ಕಡೆಯ ಒಬ್ಬ ವಯಸ್ಸಾದ ಆಯಾ. ಊದಿದ ಕ್ಯಾನುಲಾ ತೆಗೆದು ಕೈ ಬದಲಿಸುವಾಗ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ಕಣ್ಣು, ಊಸಿ ಪೋಡ್ರೋಂ, ಸರಿಯಾ?’ ಎಂದು ಕೇಳಿ ಸುಮ್ಮನಾದಳು. ನಾನು ಮನಸ್ಸಿನಲ್ಲೇ ಎಣಿಸಿದೆ, ಹನ್ನೊಂದರ ತನಕ. ಅವನು ಕಣ್ಣು ಮೇಲೆತ್ತಿದ. ತಮಿಳರು ಮಕ್ಕಳನ್ನು ಮುದ್ದಿನಿಂದ ಕಣ್ಣು ಅಂತಲೇ ಕರೆಯುತ್ತಾರೆ.

ಮನೆಗೆ ಬಂದ ಮೇಲೆ ಅಕ್ಕ ಒಂದು ಹಾಳೆ ಬರೆದಳು. ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ ಹಾಸ್ಪಿಟಲ್ ಪಾಸ್‌ಪೋರ್ಟ್ ಅನ್ನುತ್ತಾರಂತೆ. ನಮ್ಮದಕ್ಕೆ ಅಷ್ಟು ದೊಡ್ಡ ಹೆಸರಿಲ್ಲ. ಮಲಗಿಸಿ ಉಣಿಸಬೇಡಿ, ನೆತ್ತಿಗೇರಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಉಪವಾಸ ಇಡುವುದಾದರೆ ಡಾಕ್ಟರನ್ನು ಮೊದಲೇ ಕೇಳಿ. ಹೇಳದೆ ಮುಟ್ಟಿದರೆ ಮೈ ಸೆಟೆದುಕೊಳ್ಳುತ್ತೆ. ಪಕ್ಕದ ಮನೆಯ ಅಣ್ಣ ಹಿಂಬದಿಯಲ್ಲಿ ಅದನ್ನೇ ತಮಿಳಿನಲ್ಲಿ ಬರೆದುಕೊಟ್ಟ. ತೆಲುಗಿಗೆ ಜಾಗ ಸಾಲಲಿಲ್ಲ, ಇನ್ನೊಂದು ಹಾಳೆ ಅಂಟಿಸಿದ್ದಾಯಿತು.

ಬಂಗಾರಪೇಟೆ, ಕೆಜಿಎಫ್‌ನ ಸಿಸ್ಟರ್‌ಗಳೇ, ಮೂರು ಭಾಷೆ ನಡೆಸುವ ನಿಮಗೆ ನಾಲ್ಕನೆಯದು ಭಾರವಾಗದು. ಓಪಿ ಚೀಟಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಅಂಥ ಹಾಳೆ ಕೊಟ್ಟರೆ ಅರ್ಧ ನಿಮಿಷ ಓದಿ. ಹಾಳೆ ಇಲ್ಲದಿದ್ದರೆ, ಕ್ಯಾನುಲಾ ಕೈಗೆತ್ತಿಕೊಳ್ಳುವ ಮೊದಲು ತಾಯಿಯನ್ನು ಒಂದೇ ಮಾತು ಕೇಳಿ: ‘ಇವನು ಯಾವ ಕೈಯಲ್ಲಿ ಮಾತಾಡ್ತಾನಮ್ಮ?’