ಪ್ಲಗ್ ಕಿತ್ತ ಮೇಲೂ

ಮೈಸೂರಿನ ಮನೆಗೆ ಹೋದಾಗೆಲ್ಲ ಅಪ್ಪನದ್ದು ಒಂದೇ ರಾಗ: "ಆ ಮಾನಿಟರ್ ಒಂಚೂರು ನೋಡೋ." 17 ಇಂಚಿನ ಎಲ್‌ಸಿಡಿ. ನಾನು ಪಿಯುಸಿಯಲ್ಲಿದ್ದಾಗ ಸೊಸೈಟಿ ಸಾಲ ಮಾಡಿ ಕೊಡಿಸಿದ್ದರು. ಈಗ ಆನ್ ಮಾಡಿದರೆ ಎರಡು ಸೆಕೆಂಡ್ ಚಿತ್ರ, ಆಮೇಲೆ ಕತ್ತಲೆ.

"ಹೊಸದು ಆರ್ಡರ್ ಮಾಡ್ತೀನಿ ಬಿಡಿ" ಅಂದೆ.

"ಎಲೆಕ್ಟ್ರಾನಿಕ್ಸ್ ಓದಿಸಿದ್ದು ಆರ್ಡರ್ ಮಾಡೋಕಾ?"

ನಗುತ್ತಲೇ ಅಂದಿದ್ದು, ಆದರೂ ನಾಟಿತು. ಎಂಟು ವರ್ಷದಿಂದ ಜಾವಾ ಬರೀತಿದೀನಿ. ಸೋಲ್ಡರಿಂಗ್ ಐರನ್ ಕೊನೆಯ ಸಲ ಹಿಡಿದದ್ದು ಲ್ಯಾಬ್ ಪರೀಕ್ಷೆಯಲ್ಲಿ.

ಭಾನುವಾರ ಪ್ಲಗ್ ಕಿತ್ತು, ಮೇಜಿನ ಮೇಲೆ ಬೆಡ್‌ಶೀಟ್ ಹಾಸಿ ಮಾನಿಟರನ್ನು ಬೋರಲು ಮಲಗಿಸಿದೆ. ಹಳೆಯ ಎಟಿಎಂ ಕಾರ್ಡ್ ತೂರಿಸಿ ಹಿಂದಿನ ಕವರ್ ಎಬ್ಬಿಸಿದ್ದಾಯಿತು. ಪವರ್ ಬೋರ್ಡಿನಲ್ಲಿ ಮೂರು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿತ್ತು. ಬೋರ್ಡ್ ಮಗುಚಿದೆ. "ಯಾವುದೋ ಅದರ ಕಾಲು?" ಅಂತ ಅಪ್ಪ ಬೆರಳು ಚಾಚಿದರು.

"ಮುಟ್ಟಬೇಡಿ!"

ಅಡುಗೆಮನೆಯಿಂದ ಅಮ್ಮ ಓಡಿ ಬಂದಳು, ಹಾಗೆ ಕೂಗಿದ್ದೆ. ರಾತ್ರಿಯೆಲ್ಲ ಓದಿಕೊಂಡಿದ್ದವನೇ ಅಳೆಯುವುದನ್ನು ಮರೆತಿದ್ದೆ. ದೊಡ್ಡ ಕೆಪಾಸಿಟರಿನ ಕಾಲುಗಳಿಗೆ ಮಲ್ಟಿಮೀಟರ್ ಹಿಡಿದರೆ 140 ವೋಲ್ಟ್. ಪ್ಲಗ್ ಕಿತ್ತು ಹತ್ತು ನಿಮಿಷವಾಗಿತ್ತು. ನನ್ನ ಹೆಬ್ಬೆರಳು ಅಲ್ಲಿಂದ ಒಂದು ಅಂಗುಲ ದೂರ.

ನಮ್ಮ ಮನೆಗಳ 230 ವೋಲ್ಟ್ ಎಸಿ, ಆ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂರುತ್ತದೆ. ಚೆನ್ನಾಗಿ ಓಡುವ ಸಪ್ಲೈ ಆಫ್ ಮಾಡಿದರೆ ಅದನ್ನು ತಾನೇ ಬೇಗ ಖಾಲಿ ಮಾಡಿಕೊಳ್ಳುತ್ತೆ. ಕೆಟ್ಟದ್ದು ಹಾಗಲ್ಲ, ಬಹಳ ಹೊತ್ತು ಹಿಡಿದಿಟ್ಟುಕೊಳ್ಳಬಹುದು. ಅಂದರೆ ರಿಪೇರಿಗೆ ಬಂದದ್ದೇ ಹೆಚ್ಚು ಅಪಾಯ! ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವವರಿದ್ದಾರೆ. ಕಣ್ಣಿಗೂ ಬೋರ್ಡಿಗೂ ಕೇಡು. ನಾನು 10 ವ್ಯಾಟಿನ, 2.2 ಕಿಲೋ ಓಮ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ವೈರ್ ಕಟ್ಟಿ, ಒಂದು ಕೈ ಬೆನ್ನ ಹಿಂದಿಟ್ಟು, ಕೆಲವು ಸೆಕೆಂಡ್ ತಾಗಿಸಿ ಹಿಡಿದೆ. ಮತ್ತೆ ಅಳೆದೆ. ಸೊನ್ನೆ. ಅಪ್ಪನಿಗೂ ತೋರಿಸಿದೆ.

ಉಳಿದದ್ದು ಸುಲಭ. ಅದೇ 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿ ಅಂತ ಬರೆದಿರುವ ಮೂರು ಕೆಪಾಸಿಟರ್, ಪಟ್ಟಿಯಿರುವ ಕಡೆ ನೆಗೆಟಿವ್. ನನ್ನ ಸೋಲ್ಡರಿಂಗ್ ನೋಡಿದ್ದರೆ ಲ್ಯಾಬ್ ಮೇಷ್ಟ್ರು ಬೈಯುತ್ತಿದ್ದರು, ಆದರೆ ಚಿತ್ರ ಬಂತು, ನಿಂತಿತು.

ಸಂಜೆಯೊಳಗೆ ಅಪ್ಪ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಎದುರುಮನೆ ಅಂಕಲ್ ಡಬ್ಬದಂಥ ಹಳೇ ಸಿಆರ್‌ಟಿ ಹೊತ್ತು ತಂದರು. ಅದರ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮೇಲೆ.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದರು, "ಅದನ್ನ ಅವನು ಬಿಚ್ಚಲ್ಲ. ಒಳಗೆ ಬನ್ನಿ, ಕಾಫಿ ಕುಡಿಯೋಣ."