ಕೂಗಿ ಸುಮ್ಮನಿರುವ ವಿದ್ಯೆ

ಕಾಡು ಟರ್ಕಿಯ ಬೇಟೆಯಲ್ಲಿ ಕೋವಿಗೆ ಕೆಲಸ ಬೀಳುವುದು ಕಟ್ಟಕಡೆಗೆ, ಅದೂ ಬಿದ್ದರೆ. ಅದಕ್ಕೆ ಮುಂಚಿನ ಎರಡು ಮೂರು ತಾಸು ಬರೀ ಮಾತುಕತೆ. ಆ ಮಾತುಕತೆ ಹೆಣ್ಣಿನ ದನಿಯಲ್ಲೇ ನಡೆಯಬೇಕು. ಲಾರಿ ಓಡಿಸುವವರು, ಮರದ ಮಿಲ್ಲಿನಲ್ಲಿ ದುಡಿಯುವವರು, ರಿಟೈರಾದ ಮೇಷ್ಟ್ರುಗಳು, ಎಲ್ಲರೂ ಏಪ್ರಿಲ್ ಬಂತೆಂದರೆ ಕಾರಿನಲ್ಲಿ ಕೂತು, ಹಿತ್ತಲಲ್ಲಿ ನಿಂತು, ಹೆಂಡತಿ ಬೈದರೆ ಗ್ಯಾರೇಜಿಗೆ ಹೋಗಿ ಹೆಣ್ಣು ಟರ್ಕಿಯ ಹಾಗೆ ಕೂಗಲು ಶುರುಮಾಡುತ್ತಾರೆ. ನಾನಿರುವ ಮಧ್ಯ ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ. ಸಾರನ್ನದ ಮಲೆನಾಡಿಗನಾದ ನಾನೂ ಆ ಸಾಲಿಗೆ ಸೇರಿಕೊಂಡಿದ್ದೇನೆ. ಕೋವಿ ಪಕ್ಕದ ಮನೆಯ ಅಜ್ಜನದು, ಕೂಗು ಮಾತ್ರ ನನ್ನದು. ಕರೆಯುವವನೂ ಬೇಟೆಗಾರನೇ ಎಂಬುದು ನನ್ನ ಲೆಕ್ಕವಾದ್ದರಿಂದ ಲೈಸೆನ್ಸನ್ನೂ ಮಾಡಿಸಿಕೊಳ್ಳುತ್ತೇನೆ. ಹಕ್ಕಿ ಬಿದ್ದರೆ ಮಾಂಸ ಅವರ ಮನೆಗೆ, ಬಾಲದ ಗರಿ ನನ್ನ ಮನೆಗೆ.

ಟರ್ಕಿ ಎಂದಕೂಡಲೇ ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿನ ಮೇಲಿರುವ ಬೋಳು ಹಕ್ಕಿಯನ್ನು ನೆನೆಯಬೇಡಿ. ಅದು ಮೈ ಬೆಳೆಸಿಕೊಂಡು ಹಾರುವುದನ್ನೇ ಮರೆತ ಫಾರಮ್ಮಿನ ಜಾತಿ. ಅದರ ಹಿರೀಕರನ್ನು ಮೆಕ್ಸಿಕೋದ ಜನ ಎರಡು ಸಾವಿರ ವರ್ಷದಷ್ಟು ಹಿಂದೆಯೇ ಸಾಕಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ನಮ್ಮ ಪಕ್ಕದ ಗೋವೆಗೂ ಅದು ಬೇಗನೆ ಬಂತು. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ಜಹಾಂಗೀರ್ ಬಾದಶಹನಿಗೆಂದು ಕೊಂಡುಹೋದ ಅಪರೂಪದ ಪ್ರಾಣಿಗಳಲ್ಲಿ ಒಂದು ಟರ್ಕಿಯೂ ಇತ್ತು. ಅದರ ತಲೆ ಕತ್ತುಗಳು ಗೋಸುಂಬೆಯ ಹಾಗೆ ಬಣ್ಣ ಬದಲಿಸುವುದನ್ನು ಕಂಡು ಬಾದಶಹ ಬೆರಗಾಗಿ ತನ್ನ ದಿನಚರಿಯಲ್ಲಿ ಬರೆದಿಟ್ಟ. ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಕಾಡಿನ ಟರ್ಕಿಯ ಗತ್ತೇ ಬೇರೆ. ಬೆಳೆದ ಗಂಡು ಎಂಟು ಹತ್ತು ಕಿಲೋ ತೂಗುತ್ತದೆ. ಬಿಸಿಲು ಬಿದ್ದರೆ ಗರಿಗಳು ತಾಮ್ರ, ಹಸಿರು, ಚಿನ್ನ ಮೂರನ್ನೂ ಹೊಳೆಸುತ್ತವೆ. ಎದೆಯಿಂದ ಕುದುರೆ ಕೂದಲಿನಂಥ ಗಡ್ಡ ಇಳಿಬಿದ್ದಿರುತ್ತದೆ, ಕಾಲಿನಲ್ಲಿ ಮುಳ್ಳು. ತಲೆಗೆ ಗರಿಯಿಲ್ಲ. ಸಿಟ್ಟು ಬಂದರೆ, ಆಸೆಯಾದರೆ, ಹೆದರಿದರೆ ಆ ಬೋಳುತಲೆ ಕೆಂಪು, ಬಿಳಿ, ನೀಲಿಯಾಗಿ ತಿರುಗುತ್ತದೆ. ಅಮೆರಿಕದ ಬಾವುಟದ ಬಣ್ಣಗಳೂ ಇವೇ ಆದ್ದರಿಂದ ಇಲ್ಲಿಯವರಿಗೆ ಅದೊಂದು ಹೆಮ್ಮೆ. ಓಡಿದರೆ ತಾಸಿಗೆ 40 ಕಿಲೋಮೀಟರ್ ವೇಗ. ಹಾರಿದರೆ ದೂರ ಹೋಗಲಾರದು, ಆದರೆ ಆ ಭಾರದ ಮೈ ಮರಗಳ ನಡುವೆ ನುಗ್ಗುವ ರಭಸ ಕಂಡವರು ಕೋಳಿ ಎಂಬ ಮಾತನ್ನು ವಾಪಸು ತೆಗೆದುಕೊಳ್ಳುತ್ತಾರೆ. ರಾತ್ರಿ ಮಲಗುವುದು ಎತ್ತರದ ಮರದ ಕೊಂಬೆಯಲ್ಲಿ.

ವಸಂತದ ನಸುಕಿನಲ್ಲಿ ಆ ಕೊಂಬೆಯಿಂದಲೇ ಗಂಡು ಗಳಗಳ ಎಂದು ಕೂಗುತ್ತದೆ. ಗಾಳಿ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಕೇಳಿದ ಹೆಣ್ಣುಗಳು ಕೆಳಗಿಳಿದು ಅವನಿದ್ದಲ್ಲಿಗೆ ನಡೆದುಹೋಗುತ್ತವೆ. ಅವನು ರೆಕ್ಕೆ ಎಳೆಯುತ್ತ, ಬಾಲ ಬಿಚ್ಚಿ ಅಲ್ಲೇ ಮೆರೆಯುತ್ತಿರುತ್ತಾನೆ. ಅವನು ಕೂಗಬೇಕು, ಅವಳು ಹೋಗಬೇಕು: ಟರ್ಕಿಯ ಲೋಕದ ಕಟ್ಟಳೆ ಇದು. ನಾವು ಕೇಳುವುದು ಇದಕ್ಕೆ ತಲೆಕೆಳಗಾದ ಉಪಕಾರ. ‘ಅವಳು’ ಇಲ್ಲೇ ಮರದ ಬುಡದಲ್ಲಿ ಕೂತು ಕೂಗುತ್ತಾಳೆ, ನೀನೇ ನಡೆದು ಬಾ ಎನ್ನುತ್ತೇವೆ. ಬಹಳಷ್ಟು ಗಂಡುಗಳು ಬರುವುದಿಲ್ಲ. ಅರ್ಧ ದಾರಿ ಬಂದು, ಕೋವಿಯ ಅಳತೆಗೆ ಸ್ವಲ್ಪ ಆಚೆ ನಿಂತು, ‘ಇನ್ನುಳಿದದ್ದು ನಿನ್ನ ಸರದಿ’ ಎನ್ನುವ ಹಾಗೆ ಗಂಟೆಗಟ್ಟಲೆ ಕೂಗುತ್ತವೆ. ಈ ಬೇಟೆಯ ಸೊಗಸು, ಸಂಕಟ ಎರಡೂ ಹುಟ್ಟುವುದು ಆ ಅರ್ಧ ದಾರಿಯಲ್ಲಿ.

ಕೂಗುವ ಸಾಧನಗಳದ್ದೇ ಒಂದು ಪುರಾಣ. ನನಗೆ ಒಲಿದದ್ದು ಮರದ ಡಬ್ಬಿ, ಇಲ್ಲಿಯವರ ಬಾಕ್ಸ್ ಕಾಲ್. ತೆಳ್ಳನೆ ಗೋಡೆಯ ಉದ್ದ ಪೆಟ್ಟಿಗೆ, ಮೇಲೊಂದು ತಿರುಗುವ ಮುಚ್ಚಳ. ಮುಚ್ಚಳಕ್ಕೆ ಸೀಮೆಸುಣ್ಣ ತಿಕ್ಕಿ ಗೋಡೆಯ ಅಂಚಿನ ಮೇಲೆ ಎಳೆದರೆ ಹೆಣ್ಣು ಟರ್ಕಿ ಕೂಗುತ್ತದೆ. ಇದಕ್ಕೆ ಅರ್ಕನ್ಸಾಸ್‌ನ ಡಾರ್ಡನೆಲ್ ಊರಿನ ಹೆನ್ರಿ ಗಿಬ್ಸನ್ 1897ರಲ್ಲೇ ಪೇಟೆಂಟ್ ಪಡೆದಿದ್ದ. ದಕ್ಷಿಣ ಕೆರೊಲಿನಾದ ನೀಲ್ ಕಾಸ್ಟ್ ಕೈಯಾರೆ ಕೆತ್ತಿದ ಡಬ್ಬಿಗಳನ್ನು ಈಗ ಸಂಗ್ರಾಹಕರು ವೀಣೆಯನ್ನು ಇಟ್ಟುಕೊಂಡಂತೆ ಇಟ್ಟುಕೊಳ್ಳುತ್ತಾರೆ, ಮಳೆಗೆ ತೆಗೆಯುವುದಿಲ್ಲ. ಇನ್ನೊಂದು ಸ್ಲೇಟಿನದು. ದುಂಡನೆಯ ಕಲ್ಲಿನ ಬಿಲ್ಲೆಯ ಮೇಲೆ ಕಡ್ಡಿಯಿಂದ ಸಣ್ಣ ಸಣ್ಣ ಸುತ್ತು ಹಾಕಬೇಕು. ಒಂದನೇ ತರಗತಿಯಲ್ಲಿ ಹೊಸ ಬಳಪ ಸ್ಲೇಟಿನ ಮೇಲೆ ಕಿರ್ರೆಂದರೆ ಹಲ್ಲು ಜುಮ್ಮೆನ್ನುತ್ತಿತ್ತಲ್ಲ, ಅದನ್ನೇ ಪಳಗಿಸಿದರೆ ಟರ್ಕಿಯ ದನಿ. ಅಂಗುಳಿಗೆ ಒತ್ತಿಕೊಳ್ಳುವ ರಬ್ಬರಿನ ಪಟ್ಟಿ ಮೂರನೆಯದು. ಎರಡೂ ಕೈ ಕೋವಿಗೆ ಬಿಡುವಾಗುತ್ತವೆಂದು ಬಲ್ಲವರೆಲ್ಲ ಅದನ್ನೇ ಹೊಗಳುತ್ತಾರೆ. ನನಗೆ ಬಾಯಲ್ಲಿಟ್ಟರೆ ಓಕರಿಕೆ ಬರುತ್ತದೆ.

ಎಲ್ಲಕ್ಕಿಂತ ಹಳೆಯದು ಟರ್ಕಿಯದೇ ರೆಕ್ಕೆಯ ಮೂಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಾಡಿದ ಕೊಳವೆ. ಇದನ್ನು ಊದುವುದಿಲ್ಲ, ತುಟಿಯಿಟ್ಟು ಗಾಳಿಯನ್ನು ಒಳಗೆಳೆಯಬೇಕು. ಇಲ್ಲಿನ ಮೂಲನಿವಾಸಿಗಳು ಬಳಸುತ್ತಿದ್ದ ವಿದ್ಯೆ ಇದು. ಲೂಯಿಸಿಯಾನದ ಚಾರ್ಲ್ಸ್ ಜೋರ್ಡಾನ್ ಇದರಲ್ಲಿ ದೊಡ್ಡ ಹೆಸರು. ಟರ್ಕಿಯ ಬಗ್ಗೆ ಪುಸ್ತಕ ಬರೆಯಲು ಹೊರಟಿದ್ದ ಆತ 1909ರಲ್ಲಿ ಕಳ್ಳಬೇಟೆಗಾರನೊಬ್ಬನ ಗುಂಡಿಗೆ ಸತ್ತ. ಅವನು ಬಿಟ್ಟುಹೋದ ಬರಹಗಳನ್ನು ಕೂಡಿಸಿ 1914ರಲ್ಲಿ ಪುಸ್ತಕ ತಂದವನು ಎಡ್ವರ್ಡ್ ಮೆಕಿಲೆನಿ. ನಮ್ಮ ಹೋಟೆಲುಗಳಲ್ಲೂ ಮೇಜಿನ ಮೇಲೆ ಕಾಣುವ ಟಬಾಸ್ಕೊ ಖಾರದ ಸಾಸ್ ಆ ಮನೆತನದ್ದೇ.

ಸಾಧನ ಕೈಗೆ ಬಂದರೆ ಭಾಷೆ ಬಂದಂತಲ್ಲ. ‘ಯೆಲ್ಪ್’ ಎಂದರೆ ನಾನಿಲ್ಲಿದ್ದೇನೆ, ನೀನೆಲ್ಲಿ? ‘ಕ್ಲಕ್’ ಒಂದೇ ಒಂದು ಚುಟುಕು ದನಿ, ಹತ್ತಿರದವರ ಗಮನ ಸೆಳೆಯಲು. ಹೊಟ್ಟೆ ತುಂಬ ಓಕ್ ಕಾಯಿ ಮೇದು ನೆಮ್ಮದಿಯಾಗಿರುವಾಗ ಗುರುಗುರು ‘ಪರ್’. ತಾಳಗೆಟ್ಟು ಜೋರಾಗಿ ಕುಟ್ಟಿದಂತೆ ಬರುವ ‘ಕಟ್’ ಎಂದರೆ ತಾಳ್ಮೆ ಮುಗಿದಿದೆ. ಇವುಗಳ ನಡುವೆ ಬಂದೀತು ಒಂದು ಒಣ ‘ಪಟ್’. ಅದು ಅಪಾಯದ ಸೂಚನೆ. ಕ್ಲಕ್‌ಗೂ ಪಟ್‌ಗೂ ನಮ್ಮ ಕಿವಿಗೆ ಕೂದಲೆಳೆಯ ಅಂತರ. ಡಬ್ಬಿಯ ಮುಚ್ಚಳ ಸ್ವಲ್ಪ ಬಿಗಿಯಾಗಿ ತಾಕಿದರೂ ‘ಬಾ’ ಎನ್ನಲು ಹೋಗಿ ‘ಓಡು’ ಎಂದ ಹಾಗೆ.

ಹಕ್ಕಿ ಎಲ್ಲಿ ಮಲಗಿದೆಯೆಂದು ಹುಡುಕಲು ಮಾತ್ರ ಗೂಬೆಯಾಗಬೇಕು. ಇಲ್ಲಿನ ಬಾರ್ಡ್ ಗೂಬೆಯ ಕೂಗು ಜನರ ಕಿವಿಗೆ ‘ನಿನಗೆ ಅಡುಗೆ ಮಾಡುವವರ್ಯಾರು?’ ಎಂಬ ಪ್ರಶ್ನೆಯಾಗಿ ಕೇಳಿಸುತ್ತದಂತೆ. ಕತ್ತಲಲ್ಲಿ ಆ ಪ್ರಶ್ನೆ ಹಾಕಿದರೆ ಗಂಡು ಟರ್ಕಿ ತಡೆಯಲಾರದೆ ಗಳಗಳ ಎಂದುಬಿಡುತ್ತದೆ. ಗುಡುಗಿಗೂ ಕಾಗೆಗೂ ಕಾರಿನ ಬಾಗಿಲು ಹಾಕಿದ ಸದ್ದಿಗೂ ಹಾಗೇ ಎದುರು ಮಾತಾಡುವ ಚಪಲ ಅದಕ್ಕೆ.

ಪೆನ್ಸಿಲ್ವೇನಿಯಾದಲ್ಲಿ ವಸಂತದ ಬೇಟೆ ಶುರುವಾಗುವುದು ಮೇ 1ರ ಆಸುಪಾಸಿನ ಶನಿವಾರ. ಗಡ್ಡವಿರುವ ಹಕ್ಕಿಯನ್ನಷ್ಟೇ ಹೊಡೆಯಬೇಕು. ಬೆನ್ನುಹತ್ತಿ ಹೋಗುವಂತಿಲ್ಲ, ಕೂತಲ್ಲಿಂದ ಕರೆಯಬೇಕು. ಈ ಕಾನೂನು ಬರೆದವರಿಗೆ ಟರ್ಕಿಯೂ ಗೊತ್ತಿತ್ತು, ಮನುಷ್ಯನೂ ಗೊತ್ತಿದ್ದ ಎಂದು ನನ್ನ ಅನಿಸಿಕೆ. ಸದ್ದಿನತ್ತ ತೆವಳುತ್ತ ಹೋದರೆ ಅಲ್ಲಿರುವುದು ಟರ್ಕಿಯೇ ಆಗಿರಬೇಕೆಂದಿಲ್ಲ, ನನ್ನಂಥ ಇನ್ನೊಬ್ಬ ಡಬ್ಬಿಯವನಿರಬಹುದು. ಅದಕ್ಕೇ ಕೆಂಪು, ಬಿಳಿ, ನೀಲಿ ಬಟ್ಟೆ ಮೈಮೇಲಿರಕೂಡದು, ಕರ್ಚೀಫು ಕೂಡ. ಬೆನ್ನಿಗೆ ಭುಜಕ್ಕಿಂತ ಅಗಲವಾದ ಮರ ಇರಬೇಕು.

ಕೂತ ಮೇಲೆ ಅಲುಗುವಂತಿಲ್ಲ. ಪ್ರತಿ ಮನುಷ್ಯನನ್ನೂ ಮರದ ಮೋಟು ಎಂದುಕೊಳ್ಳುವುದು ಜಿಂಕೆ, ಪ್ರತಿ ಮೋಟನ್ನೂ ಮನುಷ್ಯ ಎಂದುಕೊಳ್ಳುವುದು ಟರ್ಕಿ ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಮೂಗು ಇಲ್ಲದ್ದೊಂದೇ ನಮ್ಮ ಪುಣ್ಯ, ವಾಸನೆಯೂ ಹತ್ತುತ್ತಿದ್ದರೆ ಒಂದನ್ನೂ ಹೊಡೆಯಲಾಗುತ್ತಿರಲಿಲ್ಲ ಎಂಬುದು ಅವರದೇ ಇನ್ನೊಂದು ಮಾತು. ಬೆಳಕು ಹರಿಯುವ ಹೊತ್ತಿಗೆ ಮೃದುವಾಗಿ ನಾಲ್ಕು ಯೆಲ್ಪ್. ಕೊಂಬೆಯಿಂದ ಉತ್ತರ ಬಂತೋ, ಡಬ್ಬಿ ಕೆಳಗಿಡಬೇಕು. ಕಲಿಯಲು ಅತಿ ಕಷ್ಟವಾದ ಪಾಠ ಇದೇ. ಅವನು ಕೂಗಿದಾಗಲೆಲ್ಲ ಉತ್ತರಿಸಬೇಕೆಂದು ಕೈ ತುರಿಸುತ್ತದೆ. ಉತ್ತರಿಸಿದರೆ ಅವನು ಅಲ್ಲೇ ನಿಂತು ಕಾಯುತ್ತಾನೆ, ಹೇಗೂ ಬರುತ್ತಾಳಲ್ಲ ಎಂದು. ಸುಮ್ಮನಿದ್ದರೆ ಅನುಮಾನ ಶುರುವಾಗುತ್ತದೆ: ಎಲ್ಲಿ ಹೋದಳು? ಬೇರೆ ಯಾರಾದರೂ? ಪಕ್ಕದ ಮನೆಯ ಅಜ್ಜ ನನ್ನ ಕೂಗನ್ನು ಒಮ್ಮೆಯೂ ಹೊಗಳಿದವರಲ್ಲ. ಮೂರು ಬೆರಳು ನನ್ನ ಮೊಣಕೈ ಮೇಲಿಟ್ಟು ಒತ್ತುತ್ತಾರೆ. ಸಾಕು ಎಂದರ್ಥ.

ಆಮೇಲಿನ ಅರ್ಧ ಗಂಟೆಗೆ ಹೆಸರಿಲ್ಲ. ಸೊಳ್ಳೆ ಕಣ್ಣಿನ ರೆಪ್ಪೆ ಮೇಲೆ ಕೂರುತ್ತದೆ. ಕಾಲು ಜೋಮು ಹಿಡಿಯುತ್ತದೆ. ಒಣಗೆಲೆಯ ಮೇಲೆ ಅಳಿಲು ಓಡಿದರೆ ಆನೆ ಬಂದ ಸದ್ದು. ಆಗ ಕಿವಿಗಿಂತ ಮೊದಲು ಎದೆಗೂಡಿಗೆ ತಾಕುವ ಒಂದು ಗುಂಯ್ ಬರುತ್ತದೆ, ದೂರದ ತಂಬೂರಿಯ ಮಂದ್ರದಷ್ಟು ತಗ್ಗಿನದು. ಬಾಲ ಬಿಚ್ಚಿ ನಿಂತ ಗಂಡು ಎದೆಯಲ್ಲಿ ಹುಟ್ಟಿಸುವ ದನಿ ಅದು. ಅದು ಕೇಳಿಸಿತೆಂದರೆ ಹಕ್ಕಿ ತೀರ ಹತ್ತಿರದಲ್ಲಿದೆ, ಬಹುಶಃ ಬೆನ್ನ ಹಿಂದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮುಂದಿನದು ಅಜ್ಜನ ಪಾಲು. ಎಷ್ಟೋ ಸಲ ಅವರು ಕೋವಿ ಎತ್ತುವುದಿಲ್ಲ, ನೋಡುತ್ತ ಕೂತುಬಿಡುತ್ತಾರೆ. ಕೇಳಿದರೆ ಮರ ಅಡ್ಡ ಬಂತು ಎನ್ನುತ್ತಾರೆ.

ಟರ್ಕಿ ಪೆದ್ದು ಹಕ್ಕಿ ಎಂಬ ಮಾತಿಗೆ ಆಧಾರ ಇಲ್ಲದಿಲ್ಲ. ನಮ್ಮ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ ಮಾರ್ಟಿನ್ ಶೈನ್ ಮತ್ತು ಎಡ್ಗರ್ ಹೇಲ್ ಎಂಬಿಬ್ಬರು ಸಾಕಿದ ಗಂಡು ಟರ್ಕಿಗಳ ಮುಂದೆ ಹೆಣ್ಣಿನ ಗೊಂಬೆ ಇಟ್ಟರು. ಗೊಂಬೆಯ ಒಂದೊಂದೇ ಭಾಗ ಕಳಚುತ್ತ ಬಂದರು. ಕೊನೆಗೆ ಕೋಲಿನ ತುದಿಗೆ ಸಿಕ್ಕಿಸಿದ ತಲೆಯೊಂದೇ ಉಳಿದರೂ ಗಂಡು ಅದರ ಮುಂದೆ ಬಾಲ ಬಿಚ್ಚಿ ಕುಣಿಯುತ್ತಿತ್ತು. ಆದರೆ ಇದೇ ಹಕ್ಕಿಯ ಕಾಡಿನ ಸಂಸಾರದಲ್ಲಿ ಅಣ್ಣತಮ್ಮಂದಿರು ಜೊತೆಯಾಗಿ ನಿಂತು ಹೆಣ್ಣಿನ ಮುಂದೆ ಮೆರೆಯುತ್ತಾರೆ. ಕೂಡುವ ಭಾಗ್ಯ ಅವರಲ್ಲಿ ಒಬ್ಬನಿಗೆ ಮಾತ್ರ. ಉಳಿದವರು ಬರೀ ಲಕ್ಷ್ಮಣರು. ಕ್ಯಾಲಿಫೋರ್ನಿಯಾದಲ್ಲಿ ಡಿಎನ್‌ಎ ತೆಗೆದು ನೋಡಿದ ಆಲನ್ ಕ್ರಾಕೋವರ್ 2005ರಲ್ಲಿ ಇದಕ್ಕೆ ಕಾರಣ ತೋರಿಸಿದರು: ಅಣ್ಣನ ಮಕ್ಕಳಲ್ಲೂ ತಮ್ಮನ ರಕ್ತದ ಪಾಲಿರುವುದರಿಂದ ಲಕ್ಷ್ಮಣನಿಗೂ ನಷ್ಟವಿಲ್ಲ.

ಇಷ್ಟೆಲ್ಲ ನಂಟು ನಿಂತಿರುವುದು ದನಿಯ ಮೇಲೆ. ಕಿವಿ ಕೇಳದಂತೆ ಮಾಡಿದ ತಾಯಿ ಟರ್ಕಿಗಳು ಆಗಷ್ಟೇ ಮೊಟ್ಟೆಯೊಡೆದು ಬಂದ ತಮ್ಮದೇ ಮರಿಗಳನ್ನು ಕುಕ್ಕಿ ಕೊಂದ ಪ್ರಯೋಗವೊಂದು 1960ರಲ್ಲಿ ನಡೆದಿದೆ. ಚಿಂವ್ ಎಂಬ ದನಿ ಕೇಳದಿದ್ದರೆ ತಾಯಿಗೆ ಅದು ಮರಿಯಲ್ಲ, ಗೂಡಿಗೆ ನುಗ್ಗಿದ ಶತ್ರು. ಟರ್ಕಿಯನ್ನು ಕಾಡಿಗೆ ಮರಳಿ ತರಲು ಹೊರಟ ಸರ್ಕಾರಗಳು ಪಾಠ ಕಲಿತದ್ದೂ ಈ ದನಿಯಿಂದಲೇ. ಕಾಡು ಕಡಿದದ್ದು, ಪೇಟೆಗೆ ಮಾರಲು ಮಿತಿಯಿಲ್ಲದೆ ಹೊಡೆದದ್ದು, ಚೆಸ್ಟ್‌ನಟ್ ಮರಗಳು ರೋಗ ಬಂದು ಸತ್ತದ್ದು ಎಲ್ಲ ಸೇರಿ 1930ರ ದಶಕದ ಹೊತ್ತಿಗೆ ದೇಶದಲ್ಲಿ ಉಳಿದದ್ದು ಸುಮಾರು 2 ಲಕ್ಷ ಹಕ್ಕಿ. ಪೆನ್ಸಿಲ್ವೇನಿಯಾ ದಶಕಗಳ ಕಾಲ ಫಾರಮ್ಮಿನಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟಿತು. ಅವು ಬಾಳಲಿಲ್ಲ. ‘ಪಟ್’ ಎಂದರೆ ಓಡಬೇಕೆಂದು ಹೇಳಿಕೊಡುವ ಕಾಡಿನ ತಾಯಿ ಅವಕ್ಕಿರಲಿಲ್ಲ. 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಫಿರಂಗಿಯಂತೆ ಸಿಡಿದು ಹರಡುವ ಬಲೆಯಿಂದ ಕಾಡು ಹಕ್ಕಿಗಳನ್ನೇ ಹಿಂಡುಹಿಂಡಾಗಿ ಹಿಡಿಯುವುದು ಸಾಧ್ಯವಾಯಿತು. ಅಲ್ಲಿಂದ ಕಥೆ ತಿರುಗಿತು. ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಯ ಹಕ್ಕಿ 1851ರಲ್ಲೇ ಸತ್ತಿತ್ತು. ನ್ಯೂಯಾರ್ಕಿನಿಂದ ತಂದು 1972-73ರಲ್ಲಿ ಅಲ್ಲಿ ಬಿಟ್ಟ 37 ಹಕ್ಕಿಗಳ ಸಂತಾನ ಈಗ ಬಾಸ್ಟನ್ನಿನ ಬೀದಿಗಳಲ್ಲಿ ಅಂಚೆಯವರನ್ನು ಅಟ್ಟಿಸಿಕೊಂಡು ಹೋಗುವಷ್ಟು ಬೆಳೆದಿದೆ.

ದೇಶದಲ್ಲಿ ಇಂದು 60 ಲಕ್ಷದ ಆಸುಪಾಸು ಕಾಡು ಟರ್ಕಿಗಳಿವೆ, ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮತ್ತೆ ಇಳಿಮುಖವಾಗಿದ್ದರೂ. ಇದಕ್ಕೆ ಹಣ ಬಂದದ್ದು ಬಹುಪಾಲು ಬೇಟೆಯವರಿಂದಲೇ. 1937ರ ಕಾನೂನಿನಂತೆ ಬೇಟೆ ಕೋವಿಗೂ ತೋಟಾಕ್ಕೂ 11 ಪರ್ಸೆಂಟ್ ತೆರಿಗೆ, ಅದೆಲ್ಲ ವನ್ಯಜೀವಿಗಳ ಲೆಕ್ಕಕ್ಕೆ. ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದರೆ ನನ್ನ ಭಾವ ನಂಬುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಎಂದರೆ ಅಪರಾಧ ಎಂದೇ ಬೆಳೆದವರು ನಾವು, ನಮ್ಮ ಕಾಡಿಗೆ ಅದೇ ಸರಿ ಎಂದು ನಾನೂ ಒಪ್ಪುತ್ತೇನೆ. ಕೂಗಿ ಕರೆಯುವ ವಿದ್ಯೆಯಾದರೂ ನಮಗೆ ಹೊಸದಲ್ಲ. ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ನನನ್ನು ಓದಿದವರೆಲ್ಲ ಆ ಬೇಟೆಗಾರನನ್ನು ಬಲ್ಲರು. ಜವಳಗಿರಿಯ ನರಭಕ್ಷಕ ಹೆಣ್ಣುಹುಲಿಯನ್ನು ಆತ ಬರಮಾಡಿಕೊಂಡದ್ದು ಗಂಡುಹುಲಿಯ ಹಾಗೆ ಕೂಗಿ. ಅವನ ಎದೆಗಾರಿಕೆ ನನಗಿಲ್ಲ. ನನ್ನ ಕರೆಗೆ ಬರುವವನು ಕಚ್ಚುವುದಿಲ್ಲ, ಅಷ್ಟೇ ಸಮಾಧಾನ.

ಮಗಳ ಬಾಣಂತನಕ್ಕೋ ಮಗನ ಹೊಸ ಮನೆ ನೋಡುವುದಕ್ಕೋ ಏಪ್ರಿಲ್, ಮೇನಲ್ಲಿ ಈ ಕಡೆ ಬರುವ ಹಿರಿಯರಲ್ಲಿ ಒಂದು ಕೋರಿಕೆ. ಜೆಟ್ ಲ್ಯಾಗಿನಿಂದ ಬೆಳಗಿನ ಜಾವವೇ ಎಚ್ಚರವಾಗುತ್ತದಲ್ಲ, ಟೀವಿ ಹಾಕಬೇಡಿ. ಶಾಲು ಹೊದ್ದು ಹಿಂದಿನ ಡೆಕ್ಕಿನ ಮೇಲೆ ಕೂತು ಬೆಟ್ಟದ ಕಡೆಗೆ ಕಿವಿಗೊಡಿ. ಗಳಗಳ ಎಂದು ಕೇಳಿಸಿದರೆ ಕೇಳುತ್ತ ಕೂತಿರಿ, ನೋಡೋಣ ಎಂದು ಮರಗಳೊಳಗೆ ಮಾತ್ರ ಹೋಗಬೇಡಿ, ಕೆಂಪು ಸ್ವೆಟರ್ ಹಾಕಿಕೊಂಡಂತೂ ಬೇಡವೇ ಬೇಡ. ಪೆನ್ಸಿಲ್ವೇನಿಯಾದಲ್ಲಿ ಸೀಸನ್ನಿನ ಮೊದಲ ವಾರಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಟರ್ಕಿ ಬೇಟೆ ನಿಲ್ಲುತ್ತದೆ. ವಾಕಿಂಗ್ ಊಟದ ಮೇಲೆ ಇಟ್ಟುಕೊಳ್ಳಿ.