ಬಿಳಿ ಗೆರೆಯ ನೀಲಿ ವಾಯರು

ಕನ್ನಡದ ಒಂದೇ ಒಂದು ಪದ ಗೊತ್ತಿಲ್ಲದ್ದಕ್ಕೆ ನಮ್ಮ ಮನೆಯಲ್ಲಿ ಅರ್ಧ ಭಾನುವಾರ ಹಾಳಾಯಿತು ಎಂದರೆ ನೀವು ನಗಬಹುದು. ನಕ್ಕುಬಿಡಿ, ಆಮೇಲೆ ಓದಿ.

ನನ್ನ ಅಪ್ಪ 1962ರಲ್ಲಿ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ರೇಡಿಯೋ ರಿಪೇರಿ ಕಲಿತು ಅದರಲ್ಲೇ ಸಂಸಾರ ಸಾಗಿಸಿದರು. ಅವರ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಊರಿನಲ್ಲೇ ಉಳಿದು ಬೇಸಾಯದ ನಡುವೆ ಹವ್ಯಾಸಕ್ಕೆಂದು ಭಾಗವತಿಕೆ ಮಾಡುತ್ತಿದ್ದರು. 1984ರ ರಜೆಯಲ್ಲಿ ಅಪ್ಪ ಮನೆಯಂಗಳದಲ್ಲಿ ಅವರನ್ನು ಕೂರಿಸಿ ಹಾಡಿಸಿ ಮೂರು ಕ್ಯಾಸೆಟ್ ತುಂಬಿಸಿಕೊಂಡಿದ್ದರು. ದೊಡ್ಡಪ್ಪ ಈಗಿಲ್ಲ. ಆ ದನಿ ಉಳಿದಿರುವುದು ಆ ಕ್ಯಾಸೆಟ್ಟುಗಳಲ್ಲಿ ಮಾತ್ರ.

ನಾವು ಕೊಂಡ ಸೆಕೆಂಡ್‌ಹ್ಯಾಂಡ್ ಕಾರಿನ ಹಳೆಯ ಸ್ಟೀರಿಯೋ ಅವುಗಳಲ್ಲಿ ಒಂದರ ಟೇಪನ್ನು ನುಂಗಿಹಾಕಿದ ದಿನ ಅಪ್ಪ ಊಟ ಮಾಡಲಿಲ್ಲ. ಉಳಿದ ಎರಡನ್ನು ಪೆನ್‌ಡ್ರೈವಿಗೆ ಇಳಿಸಿದೆವು. ಚೌತಿಗೆ ಅಪ್ಪನನ್ನು ಕಾರಿನಲ್ಲೇ ಊರಿಗೆ ಕರೆದೊಯ್ಯುವುದು, ದಾರಿಯುದ್ದಕ್ಕೂ ದೊಡ್ಡಪ್ಪನನ್ನು ಕೇಳುವುದು ಎಂದು ಗೊತ್ತಾಯಿತು. ಎಪ್ಪತ್ತು ದಾಟಿದ ಅಪ್ಪ, 'ಇನ್ನೊಂದ್ಸಲ ಹೋಪುದು ಆತ್ತೋ ಇಲ್ಯೋ' ಎಂದಿದ್ದರು. ಹೊಸ ಸ್ಟೀರಿಯೋ ತಂದು ಒಂದು ಅಂಗಡಿಯಲ್ಲಿ ಕೂರಿಸಿಕೊಂಡು ಬಂದೆ. ದೀಪ ಹತ್ತಿತು, ಅಂಕಿ ಓಡಿತು, ದನಿ ಮಾತ್ರ ಇಲ್ಲ. ಅಂಗಡಿಯವ, 'ಗಾಡಿಯೊಳಗೆ ಕಂಪನಿಯದೇ ಆಂಪ್ಲಿಫೈಯರ್ ಇದೆ, ಅದು ಸುಟ್ಟಿದೆ. ಕಿತ್ತು ಎಲ್ಲ ಹೊಸದಾಗಿ ಎಳೆಯಬೇಕು' ಎಂದು ದೊಡ್ಡ ಮೊತ್ತವೊಂದನ್ನು ಹೇಳಿದ.

ಭಾನುವಾರ ಡೊಂಬಿವಲಿಯ ನಮ್ಮ ಕಟ್ಟಡದ ಅಂಗಳದಲ್ಲಿ ಮೂರು ತಲೆಮಾರು ಸೇರಿತು. ಕುರ್ಚಿಯಲ್ಲಿ ಅಪ್ಪ, ಮೀಟರು ಹಿಡಿದು ನಾನು, ಡ್ಯಾಶ್‌ಬೋರ್ಡಿನೊಳಗೆ ಕೈಯಿಟ್ಟು ಎಂಜಿನಿಯರಿಂಗ್ ಓದುವ ಮಗಳು. ಅವಳಿಗೆ ಮರಾಠಿ, ಹಿಂದಿ, ಇಂಗ್ಲಿಷು ನೀರು ಕುಡಿದಷ್ಟು ಸುಲಭ. ಕನ್ನಡ ಊಟ-ತಿಂಡಿಯ ಮಟ್ಟಿಗೆ.

'ಸುಟ್ಟಿತ್ ಅಂಬುಕೆ ಮೊದ್ಲ್ ಎಲ್ಲಿವರೆಗೆ ಬಂದಿತ್ ಕಾಣ್ಕ್' ಎಂದರು ಅಪ್ಪ. ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಸ್ಪೀಕರಿನ ತುದಿಗಳಿಗೇ ಮುಟ್ಟಿಸಿದೆವು. 'ಟಪ್' ಎಂದಿತು. ಸ್ಪೀಕರಿಗೆ ಜೀವವಿದೆ. ಸ್ಟೀರಿಯೋದ ಹಿಂದಿನ ವಾಯರುಗಳಿಗೆ ಮುಟ್ಟಿಸಿದರೆ ಸದ್ದಿಲ್ಲ. ಅಂದರೆ ಅವು ನೇರವಾಗಿ ಸ್ಪೀಕರಿಗೆ ಹೋಗುತ್ತಿಲ್ಲ, ನಡುವೆ ಆಂಪ್ಲಿಫೈಯರ್ ಕೂತಿದೆ. ಡಿಕ್ಕಿಯ ಪಕ್ಕದ ಹಲಗೆ ಬಿಚ್ಚಿ ಅದರ ಬಾಯಲ್ಲಿ ಮೀಟರು ಹಿಡಿದಾಗ ಬ್ಯಾಟರಿಯ 12.6 ವೋಲ್ಟು ಸರಿಯಾಗಿ ಬರುತ್ತಿತ್ತು, ಅರ್ಥೂ ಸರಿ. ಆದರೆ ಅದನ್ನು ಎಬ್ಬಿಸುವ ವಾಯರಿನಲ್ಲಿ ಸೊನ್ನೆ. ಸುಟ್ಟಿರಲಿಲ್ಲ ಪಾಪ, ಮಲಗಿತ್ತು. ಸ್ಟೀರಿಯೋ ಹಚ್ಚಿದಾಗ 12 ವೋಲ್ಟು ಕಳಿಸಿ ಅದನ್ನು ಎಬ್ಬಿಸಬೇಕಾದ ವಾಯರನ್ನು ಅಂಗಡಿಯಲ್ಲಿ ಜೋಡಿಸಿಯೇ ಇರಲಿಲ್ಲ. (ಈಚಿನ ಕೆಲವು ಕಾರುಗಳಲ್ಲಿ ಎಬ್ಬಿಸುವ ಕರೆ ಡಿಜಿಟಲ್ ಸಂದೇಶವಾಗಿ ಹೋಗುತ್ತದೆ, ಅವಕ್ಕೆ ಬೇರೆ ಅಡಾಪ್ಟರೇ ಬೇಕು.)

'ನೀಲಿ ವಾಯರ್, ಬಿಳಿ ಗೆರೆ ಇಪ್ದ್' ಎಂದರು ಅಪ್ಪ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಮಗಳು ನೀಲಿ ವಾಯರು ಜೋಡಿಸಿದಳು. ಎಫ್‌ಎಂ ಹಚ್ಚಿದರೆ ಹಿಂದಿ ಹಾಡು ಬಂತು, ಅಂಗಳದ ಮಕ್ಕಳು ಕುಣಿದವು. ಪೆನ್‌ಡ್ರೈವಿಗೆ ತಿರುಗಿಸಿದರೆ ಮೌನ. ಮತ್ತೆ ಎಫ್‌ಎಂ, ಮತ್ತೆ ಹಾಡು. ಹಿಂದಿಗೆ ಎಚ್ಚರ, ದೊಡ್ಡಪ್ಪನಿಗೆ ನಿದ್ದೆ! ಪೆನ್‌ಡ್ರೈವ್ ಬದಲಿಸಿದೆವು, ಫ್ಯೂಸ್ ನೋಡಿದೆವು, ಅಂಗಡಿಯವನನ್ನು ಬೈದೆವು. ಊಟದ ಹೊತ್ತು ಮೀರಿತು.

ಕೊನೆಗೆ ಅಪ್ಪ ಕುರ್ಚಿಯಿಂದೆದ್ದು ಬಗ್ಗಿ ನೋಡಿ, 'ಗೆರೆ ಎಲ್ಲಿತ್ ಮಗಾ?' ಎಂದರು. ಮಗಳು ತಡೆದು ತಡೆದು, 'ಅಜ್ಜಾ, ಗೆರೆ ಅಂದ್ರೆ ಏನು?' ಎಂದಳು.

ಅಪ್ಪ ಬೈಯಲಿಲ್ಲ. ಧೂಳು ಹಿಡಿದ ಕಾರಿನ ಗಾಜಿನ ಮೇಲೆ ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆದರು. ಎರಡು ನೀಲಿ ವಾಯರುಗಳಿದ್ದವು. ಬರೀ ನೀಲಿ, ಮೋಟಾರಿನ ಆಂಟೆನಾ ಎತ್ತುವುದಕ್ಕೆ. ರೇಡಿಯೋ ಹಾಡುವಾಗ ಮಾತ್ರ ಅದರಲ್ಲಿ ಕರೆಂಟು. ಬಿಳಿ ಗೆರೆಯ ನೀಲಿ, ಆಂಪ್ಲಿಫೈಯರಿಗೆ. ಸ್ಟೀರಿಯೋ ಹಚ್ಚಿದಷ್ಟು ಹೊತ್ತೂ ಅದರಲ್ಲಿ ಕರೆಂಟು. ನನಗೆ ನಾಚಿಕೆಯಾಯಿತು. ಪದ ಕಲಿಯದವಳು ಅವಳಲ್ಲ, ಕಲಿಸದವನು ನಾನು.

ದನಿ ಬಂತು, ಆದರೆ ಒಡೆದ ಮಡಕೆಯಂತೆ. ಸ್ಪೀಕರಿಗೆ ಹೋಗಬೇಕಾದ ದಪ್ಪ ದನಿಯನ್ನು ಅಂಗಡಿಯವ ಆಂಪ್ಲಿಫೈಯರಿನ ಸಣ್ಣ ಬಾಯಿಗೆ ತುರುಕಿದ್ದ. ಸ್ಟೀರಿಯೋದ ಹಿಂಬದಿಯ ಆರ್‌ಸಿಎ ತೂತುಗಳಿಂದ ಬರುವ ಸಣ್ಣ ಸಿಗ್ನಲನ್ನು ಅದಕ್ಕೆ ಕೊಟ್ಟ ಮೇಲೆ ಸ್ವರ ತಿಳಿಯಾಯಿತು. ಉಳಿದ ಸ್ಪೀಕರ್ ವಾಯರುಗಳಿಗೆ ಒಂದೊಂದಕ್ಕೂ ಬೇರೆಬೇರೆ ಟೇಪು ಸುತ್ತಿದೆವು. ಅವುಗಳ ಮೈನಸ್ಸು ಅರ್ಥ್ ಅಲ್ಲ, ಅಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟು ನಿಂತಿರುತ್ತದೆ. ಬಾಡಿಗೆ ತಾಗಿದರೆ ಹೊಸ ಸ್ಟೀರಿಯೋ ಸುಡಬಹುದು.

ಎಂಜಿನ್ ಹಚ್ಚಿದರೆ ಇನ್ನೊಂದು ರಾಗ: ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಕೀರಲು. ಆಲ್ಟರ್ನೇಟರಿನ ಸದ್ದು ಅರ್ಥಿನ ದಾರಿಯಲ್ಲಿ ನುಸುಳುತ್ತಿತ್ತು. ಅರ್ಥಿನ ವಾಯರನ್ನು ಬಣ್ಣ ಬಳಿದ ಪಟ್ಟಿಗೆ ಸಿಕ್ಕಿಸಿದ್ದರು. ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಯಾಗಿ ತಿರುಚಿದ ಮೇಲೆ ಕೀರಲು ನಿಂತಿತು.

ಚೌತಿಗೆ ಹೋದೆವು. ಚಿಪ್ಳೂಣದ ಬಳಿ ಪರಶುರಾಮ ಘಾಟಿಯ ಮಳೆಯಲ್ಲಿ ದೊಡ್ಡಪ್ಪನ ದನಿ ಕಾರು ತುಂಬಿತು. ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಕಣ್ಣು ಮುಚ್ಚಿದರು. ಹಾಡಿನ ನಡುವೆ ಯಾರೋ ಕೆಮ್ಮಿದರು. 'ಅದ್ ನಾನೇ' ಎಂದರು ಅಪ್ಪ. ಹಿಂದಿನ ಸೀಟಿನಿಂದ ಮಗಳು ಒಂದೊಂದೇ ಪದ ನಿಲ್ಲಿಸಿ ಅರ್ಥ ಕೇಳುತ್ತಿದ್ದಳು. ಕೆಲವಕ್ಕೆ ನನಗೂ ಅರ್ಥ ಗೊತ್ತಿರಲಿಲ್ಲ.

ಗೆಳೆಯರೇ, ನಿಮ್ಮ ಮನೆಯ ಮಾಳಿಗೆಯಲ್ಲೂ ಹೀಗೊಂದು ಕ್ಯಾಸೆಟ್ಟಿರಬಹುದು. ಮುಂಬಯಿ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅದು ಕಂಡರೆ ಹಾಗೇ ಹಾಕಬೇಡಿ, ತಿಳಿದವರಿಂದ ಶುಚಿ ಮಾಡಿಸಿ. ಚೆನ್ನಾಗಿದ್ದರೆ ಒಮ್ಮೆ ಹಿಂದೆ ಮುಂದೆ ಪೂರ್ತಿ ಸುತ್ತಿ, ಆಮೇಲೆ ನುಡಿಸಿ ಇಳಿಸಿಕೊಳ್ಳಿ. ಇಳಿಸುವಾಗ ಅಜ್ಜನೋ ಅಜ್ಜಿಯೋ ಪಕ್ಕದಲ್ಲಿರಲಿ. ಕೆಮ್ಮಿದವರು ಯಾರೆಂದು ಹೇಳಬಲ್ಲವರು ಅವರು ಮಾತ್ರ.